ಬಟ್ಟಲ ಪಾದದ ಮೇಲಿನ ಹೆಸರು

ಪ್ರತಿ ವರ್ಷ ಜೂನ್ ತಿಂಗಳು ಬಂದಿತೆಂದರೆ ಶಾಲೆಯಲ್ಲಿ ಹೊಸ ಮಕ್ಕಳ ಹೆಸರು ದಾಖಲು ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ನನ್ನ ಅಕ್ಷರ ದುಂಡಗಿದೆ ಎಂಬುದು ಇದಕ್ಕೆ ಕಾರಣ. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು, ತಂದೆಯ ಹೆಸರು ಇವನ್ನೆಲ್ಲ ಸರಸರನೆ ಬರೆಯುತ್ತೇನೆ. 'ತಂದೆಯ ಉದ್ಯೋಗ' ಎಂಬ ಅಂಕಣ ಬಂದಾಗ ಮಾತ್ರ ಪೆನ್ನು ಒಂದು ಕ್ಷಣ ತಡೆಯುತ್ತದೆ. ಹೀಗೇಕೆ ಎಂದು ಜೊತೆಯ ಶಿಕ್ಷಕಿಯರು ಯಾರೂ ಕೇಳಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಅದನ್ನು ಹೇಳಬೇಕಾದರೆ ಗ್ರೀಸ್ ದೇಶಕ್ಕೆ ಹೋಗಿ ಸುತ್ತಿ ಬರಬೇಕು.

ನನ್ನ ತವರು ಮುಂಡರಗಿ ತಾಲೂಕಿನ ಒಂದು ಹಳ್ಳಿ. ಮನೆಯ ಮುಂದೆ ನಿಂತರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. ಅಪ್ಪ ಕುಂಬಾರ. ಹಿತ್ತಲಲ್ಲಿ ತಿಗರಿ, ಅದರಾಚೆ ಆವಿಗೆ. ಗಡಿಗೆ, ಕೊಡ, ಹರವಿ, ಮಗಿ, ದೀಪಾವಳಿಗೆ ಪಣತಿ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಹೀಗೆ ವರ್ಷವಿಡೀ ಮಣ್ಣಿನ ಕೆಲಸ ನಡೆದಿರುತ್ತಿತ್ತು. ಊರಲ್ಲಿ ಮದುವೆಯಾದರೆ ಐರಾಣಿ ಒಯ್ಯಲು ಬಾಜಾಬಜಂತ್ರಿಯೊಂದಿಗೆ ನಮ್ಮ ಮನೆಗೇ ಬರಬೇಕು. ಗಡಿಗೆ ಮಾಡುವವನು ಅಪ್ಪ. ಅದರ ಮೈಗೆ ಸುಣ್ಣ ಬಳಿದು ಕೆಮ್ಮಣ್ಣಿನಿಂದ ಬಳ್ಳಿ, ಚುಕ್ಕಿ, ಸೂರ್ಯ, ಚಂದ್ರ ಬರೆಯುವವಳು ಅವ್ವ. ಅಂದು ಒಂದು ದಿನ ನಮಗೆ ಅಕ್ಕಿ, ಬೆಲ್ಲ, ಕುಬಸ, ಮರ್ಯಾದೆ ಎಲ್ಲ ಸಿಗುತ್ತಿತ್ತು. ಮರುದಿನದಿಂದ ಮತ್ತೆ ನಾವು 'ಮಣ್ಣು ತುಳಿಯುವವರು'.

ಹೈಸ್ಕೂಲು ಮುಗಿಸಿ ಗದಗಿನ ಕಾಲೇಜಿಗೆ ಹೆಸರು ಹಚ್ಚಲು ಬಂದಾಗ ಅರ್ಜಿಯನ್ನು ನಾನೇ ತುಂಬಿದೆ. ಅಪ್ಪ ಓದು ಬರಹ ಕಲಿತವನಲ್ಲ, ಪಕ್ಕದಲ್ಲಿ ನಿಂತಿದ್ದ. ನನ್ನ ಹಿಂದೆ ಬೆಟಗೇರಿಯ ದೊಡ್ಡ ಮನೆತನದ ಹುಡುಗಿಯೊಬ್ಬಳು ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದಳು. 'ತಂದೆಯ ಉದ್ಯೋಗ' ಎಂಬಲ್ಲಿ 'ಒಕ್ಕಲುತನ' ಎಂದು ಬರೆದೆ. ನಮಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಅಪ್ಪ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ.

ಬಿ.ಎ. ಆಯಿತು. ಬಿ.ಇಡಿ. ಓದುವಾಗ ನನ್ನ ವಿಷಯ ಇತಿಹಾಸ. ಪಾಠ ಹೇಳುವಾಗ ಚಿತ್ರಪಟ ಬಳಸುವುದು ಹೇಗೆಂದು ತೋರಿಸಲು ಉಪನ್ಯಾಸಕರೊಬ್ಬರು ಒಂದು ದಿನ ಎರಡು ಚಿತ್ರ ತಂದಿದ್ದರು. ಒಂದು, ಕಪ್ಪು ಕೆಂಪು ಬಣ್ಣದ ಗ್ರೀಕ್ ಬಟ್ಟಲು. ಇನ್ನೊಂದು, ಚಿತ್ರದುರ್ಗ ಜಿಲ್ಲೆಯ ಉತ್ಖನನದಲ್ಲಿ ಸಿಕ್ಕಂಥ ನುಣುಪಾದ ತಟ್ಟೆಯ ಚೂರು. ಅದರ ಒಳತಳದಲ್ಲಿ ಸಣ್ಣ ಸಣ್ಣ ಗೀರುಗಳ ಉಂಗುರ. "ಇಂಥ ಕೆಲಸ ನಮ್ಮ ಕುಂಬಾರರ ಕೈಯಿಂದ ಆಗುವ ಮಾತಲ್ಲ. ಇದು ಯವನರ ಸರಕು, ಹಡಗಿನಲ್ಲಿ ಬಂದದ್ದು" ಎಂದರು. ತರಗತಿಯಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ಆ ನಗೆ ಇಂದಿಗೂ ನನ್ನ ಗಂಟಲಲ್ಲಿದೆ.

ಆ ಗ್ರೀಕ್ ಬಟ್ಟಲಿನ ಕಥೆಯನ್ನು ಮೊದಲು ಹೇಳುತ್ತೇನೆ. ಅಗಲವಾದ ಬಾಯಿ, ಎರಡು ಹಿಡಿಕೆ, ಕೆಳಗೆ ಪೀಠದಂಥ ಪಾದ ಇರುವ ಇಂಥ ಬಟ್ಟಲಿಗೆ ಗ್ರೀಕರು 'ಕೈಲಿಕ್ಸ್' ಎನ್ನುತ್ತಿದ್ದರು. ಆಳವಾದ ಲೋಟದಂಥದ್ದು 'ಸ್ಕೈಫಾಸ್'. ಹಿಡಿಕೆಗಳು ಬಾಯಿಗಿಂತ ಮೇಲೆದ್ದು ನಿಂತದ್ದು 'ಕಾಂತರಾಸ್'. ಅದು ಅವರ ಮದ್ಯದ ದೇವರು ಡಯೋನೈಸಸನ ಕೈಯಲ್ಲಿರುತ್ತದೆ. ಇವೆಲ್ಲಕ್ಕಿಂತ ದೊಡ್ಡದು 'ಕ್ರೇಟರ್' ಎಂಬ ಹರವಿ. ಗ್ರೀಕರು ದ್ರಾಕ್ಷಾರಸವನ್ನು ಹಾಗೆಯೇ ಕುಡಿಯುತ್ತಿರಲಿಲ್ಲ; ಈ ಹರವಿಯಲ್ಲಿ ನೀರು ಬೆರೆಸಿ, ಆಮೇಲೆ ಬಟ್ಟಲಿಗೆ ಹೊಯ್ದುಕೊಳ್ಳುತ್ತಿದ್ದರು. ನೀರು ಬೆರೆಸದೆ ಕುಡಿಯುವವರು ಅವರ ದೃಷ್ಟಿಯಲ್ಲಿ ಅನಾಗರಿಕರು.

ಚಿತ್ರದಲ್ಲಿದ್ದ ಬಟ್ಟಲು ಎಕ್ಸೇಕಿಯಾಸ್ ಎಂಬ ಕುಂಬಾರನದು. ಕ್ರಿ.ಪೂ. 530ರ ಸುಮಾರಿನದು. ಇಟಲಿಯ ವುಲ್ಚಿ ಎಂಬಲ್ಲಿ ದೊರೆತು, ಈಗ ಜರ್ಮನಿಯ ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಬಟ್ಟಲಿನ ಒಳಮೈಯಲ್ಲಿ ಒಂದು ಹಡಗು. ಅದರಲ್ಲಿ ಡಯೋನೈಸಸ್ ಒರಗಿಕೊಂಡಿದ್ದಾನೆ. ಹಡಗಿನ ಕಂಬಕ್ಕೆ ದ್ರಾಕ್ಷಿ ಬಳ್ಳಿ ಹಬ್ಬಿ ಗೊಂಚಲು ಬಿಟ್ಟಿದೆ. ಸುತ್ತ ಏಳು ಡಾಲ್ಫಿನ್ ಮೀನುಗಳು ಈಜುತ್ತಿವೆ. ಬಟ್ಟಲು ತುಂಬಿದ್ದಾಗ ಇದಾವುದೂ ಕಾಣದು. ಕುಡಿಯುತ್ತ ಹೋದಂತೆ ಹಡಗು ಮೇಲೇಳುತ್ತದೆ. ಬಟ್ಟಲಿನ ಪಾದದ ಅಂಚಿನ ಮೇಲೆ ಕುಂಬಾರ ತನ್ನ ಹೆಸರು ಹಾಕಿ, ಮಾಡಿದವನು ತಾನೇ ಎಂದು ಬರೆದಿದ್ದಾನೆ.

ಈ ಚಿತ್ರಿತ ಪಾತ್ರೆಗಳಲ್ಲಿ ಬಹಳಷ್ಟು ಸಿಕ್ಕದ್ದು ಗ್ರೀಸಿನಲ್ಲಿ ಅಲ್ಲ, ಇಟಲಿಯಲ್ಲಿ. ಅಲ್ಲಿಯ ಎಟ್ರುಸ್ಕನ್ ಜನ ಇವನ್ನು ಕೊಂಡು, ಸತ್ತವರ ಜೊತೆ ಗೋರಿಯಲ್ಲಿಡುತ್ತಿದ್ದರು. 1828ರಿಂದ ಈಚೆಗೆ ವುಲ್ಚಿಯ ಗೋರಿಗಳನ್ನು ನೆಪೋಲಿಯನ್ನನ ತಮ್ಮ ಲೂಸಿಯನ್ ಬೋನಪಾರ್ಟೆಯ ಮನೆತನದವರು ಅಗೆಸಿದಾಗ ಸಾವಿರಾರು ಪಾತ್ರೆ ಹೊರಬಂದವು. ಜಾರ್ಜ್ ಡೆನಿಸ್ ಎಂಬ ಇಂಗ್ಲಿಷ್ ಪ್ರವಾಸಿ ಆ ಅಗೆತವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಚಿತ್ರವಿಲ್ಲದ ಸಾದಾ ಮಡಕೆ ಸಿಕ್ಕರೆ ಅದಕ್ಕೆ ಬೆಲೆಯಿಲ್ಲವೆಂದು ಆಳುಗಳು ಅಲ್ಲಿಯೇ ಕಾಲಲ್ಲಿ ತುಳಿದು ಪುಡಿ ಮಾಡುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒದ್ದು ಒಡೆದ ಅಪ್ಪನ ಗಡಿಗೆಗಳ ನೆನಪಾಯಿತು.

ಒಡೆದದ್ದನ್ನು ಕೂಡಿಸಿದ ಕಥೆಯೂ ಉಂಟು. ಫ್ಲಾರೆನ್ಸ್ ನಗರದಲ್ಲಿ 'ಫ್ರಾಂಸ್ವಾ ಪಾತ್ರೆ' ಎಂಬ ಒಂದು ಕ್ರೇಟರ್ ಇದೆ. ಅಲೆಸ್ಸಾಂದ್ರೊ ಫ್ರಾಂಸ್ವಾ ಎಂಬವನು 1844ರಲ್ಲಿ ಕಿಯೂಸಿ ಎಂಬ ಊರಿನ ಬಳಿ ಇದರ ಚೂರುಗಳನ್ನು ಕಂಡ. 66 ಸೆಂಟಿಮೀಟರ್ ಎತ್ತರದ ಈ ಹರವಿಯ ಮೈಮೇಲೆ 270 ಆಕೃತಿಗಳಿವೆ. ಮಾಡಿದವನು ಎರ್ಗೊಟಿಮಾಸ್, ಚಿತ್ರ ಬರೆದವನು ಕ್ಲೈಟಿಯಾಸ್. ಇಬ್ಬರ ಹೆಸರೂ ಅದರ ಮೇಲಿದೆ. 1900ರಲ್ಲಿ ವಸ್ತುಸಂಗ್ರಹಾಲಯದ ಕಾವಲುಗಾರನೊಬ್ಬ ಸಿಟ್ಟಿನಲ್ಲಿ ಸ್ಟೂಲು ಎತ್ತಿ ಒಗೆದ. ಹರವಿ 638 ಚೂರಾಯಿತು. ಅವನ್ನೆಲ್ಲ ಆರಿಸಿ ಮತ್ತೆ ಜೋಡಿಸಿ ನಿಲ್ಲಿಸಿದರು. ಮಣ್ಣಿನ ಪಾತ್ರೆಗೂ ಅಂಥ ಆರೈಕೆ ಮಾಡುವವರಿದ್ದಾರೆ ಎಂಬುದು ನನಗೆ ಆಗ ನಂಬಲಾರದ ಸುದ್ದಿಯಾಗಿತ್ತು.

ನನಗೆ ಮೊದಲು ನೌಕರಿಯಾದದ್ದು ಶಿರಹಟ್ಟಿ ತಾಲೂಕಿನಲ್ಲಿ. ಬೇಸಿಗೆ ರಜೆಯಲ್ಲಿ ತವರಿಗೆ ಹೋಗುವಾಗ ಆ ಎರಡು ಚಿತ್ರಗಳಿದ್ದ ಪುಸ್ತಕವನ್ನು ಒಯ್ದಿದ್ದೆ. ಅಪ್ಪನಿಗೆ ತೋರಿಸಬೇಕೆಂದಲ್ಲ, ಪಾಠದ ಟಿಪ್ಪಣಿ ಮಾಡಲು. ಆದರೆ ಪಡಸಾಲೆಯಲ್ಲಿ ತೆರೆದಿಟ್ಟ ಪುಟವನ್ನು ಅಪ್ಪನೇ ನೋಡಿದ. ಕೈ ಒರೆಸಿಕೊಂಡು ಬಂದು ಕುಕ್ಕರುಗಾಲಲ್ಲಿ ಕೂತ.

"ಇದು ಒಂದ ತುಣುಕಲ್ಲ. ಬಟ್ಟಲಾ ಬ್ಯಾರೆ ತಿರುವ್ಯಾನ, ಪಾದ ಬ್ಯಾರೆ ತಿರುವ್ಯಾನ. ಅರ್ಧ ಆರಿದ ಮ್ಯಾಲೆ ಕೂಡಿಸ್ಯಾನ. ಹಿಡಿಕಿ ಕಡೀಕ ಅಂಟಿಸ್ಯಾನ. ಕರಿ ಬಣ್ಣ ಎಲ್ಲಿಂದ ತಂದ?"

ಅದು ಬಣ್ಣವಲ್ಲ, ಅದೇ ಮಣ್ಣು ಎಂದು ನಾನು ಓದಿ ಹೇಳಿದೆ. ಅಥೆನ್ಸಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದನ್ನೇ ನೀರಿನಲ್ಲಿ ಕದಡಿ, ಮೇಲೆ ನಿಲ್ಲುವ ಅತಿ ನಯವಾದ ರಾಡಿಯನ್ನು ತೆಗೆದು ಅದರಿಂದ ಚಿತ್ರ ಬರೆಯುತ್ತಾರೆ. ಆವಿಗೆಗೆ ಮೊದಲು ಗಾಳಿ ಬಿಟ್ಟು ಸುಟ್ಟಾಗ ಎಲ್ಲವೂ ಕೆಂಪಾಗುತ್ತದೆ. ಆಮೇಲೆ ಹಸಿ ಕಟ್ಟಿಗೆ ಹಾಕಿ ಗಾಳಿಯ ದಾರಿ ಮುಚ್ಚಿ, 900 ಡಿಗ್ರಿಯ ಸುಮಾರಿಗೆ ಕಾಯಿಸಿದಾಗ ಎಲ್ಲವೂ ಕಪ್ಪಾಗುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟರೆ ಮಡಕೆಯ ಮೈ ಕೆಂಪಿಗೆ ತಿರುಗುತ್ತದೆ. ನಯವಾದ ರಾಡಿ ಬಳಿದ ಭಾಗ ಮಾತ್ರ ಗಾಜಿನಂತೆ ಬಿಗಿದುಕೊಂಡು ಕಪ್ಪಾಗಿಯೇ ಉಳಿಯುತ್ತದೆ.

ಅಪ್ಪ ತಲೆದೂಗಿದ. "ಹೊಗಿ ಕಟ್ಟಿದರ ಕರಿ, ಗಾಳಿ ಬಿಟ್ಟರ ಕೆಂಪ. ಅದು ನಮಗೂ ಗೊತ್ತೈತಿ. ಆದರ ಎರಡೂ ಒಂದರಾಗ ಮಾಡ್ಯಾನಲ್ಲ, ಅಂವ ದೊಡ್ಡಾಂವ."

ಅಪ್ಪ ಹೇಳಿದ್ದು ನಿಜ. ನಮ್ಮ ನಾಡಿನ ಕುಂಬಾರರಿಗೆ ಅದು ಎರಡೂವರೆ ಸಾವಿರ ವರ್ಷಕ್ಕೂ ಹಿಂದೆಯೇ ಗೊತ್ತಿತ್ತು. ಮಸ್ಕಿ, ಬ್ರಹ್ಮಗಿರಿ ಮೊದಲಾದ ಕಡೆ ಬೃಹತ್ ಶಿಲಾ ಸಮಾಧಿಗಳ ಕಾಲದ ಮಡಕೆಗಳು ಸಿಕ್ಕಿವೆ; ಅವುಗಳ ಒಳಮೈ ಮತ್ತು ಬಾಯಿ ಕಪ್ಪು, ಹೊರಮೈ ಕೆಂಪು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಹೋಗದೆ ಕಪ್ಪಾಗುತ್ತದೆ ಎಂದು ವಿದ್ವಾಂಸರು ವಿವರಿಸುತ್ತಾರೆ.

ಅಪ್ಪ ಪುಟ ತಿರುವಿ ಎರಡನೆಯ ಚಿತ್ರ ನೋಡಿದ. ಗೀರುಗಳ ಉಂಗುರವಿದ್ದ ತಟ್ಟೆಯ ಚೂರು. "ಇದು ನಮ್ಮ ಮಂದೀದು" ಅಂದ.

"ಇಲ್ಲಪ್ಪಾ, ಅದೂ ಹೊರದೇಶದ್ದು."

"ಏನ ಹೊರದೇಶದ್ದು? ತಿಗರಿ ತಿರಗೂ ಮುಂದ ಬಳುಕೂ ತಗಡಿನ ಚೂರು ಹಿಡದ್ರ ಅದು ತಾನ ಕುಣೀತೈತಿ. ಕುಣದಲ್ಲೆಲ್ಲ ಇಂಥಾ ಗುರುತು ಬೀಳತಾವ. ನಮ್ಮ ಮುತ್ಯಾನೂ ಮಾಡತಿದ್ದ."

"ನಿನಗ ಗೊತ್ತಾಗಂಗಿಲ್ಲ ಬಿಡಪ್ಪಾ. ಪುಸ್ತಕದಾಗ ಬರದಾರ."

ಅಪ್ಪ ಮತ್ತೆ ಮಾತಾಡಲಿಲ್ಲ. ಏಳುವಾಗ ಮೊದಲಿನ ಚಿತ್ರದ ಕಡೆಗೆ ಬೆರಳು ತೋರಿಸಿ, ಆ ಪಾದದ ಮೇಲೆ ಏನೋ ಬರೆದಿದೆಯಲ್ಲ, ಏನದು ಎಂದು ಕೇಳಿದ. ಮಾಡಿದವನ ಹೆಸರು ಎಂದೆ. "ಗಡಿಗಿ ಮ್ಯಾಲೆ ಕುಂಬಾರನ ಹೆಸರಾ?" ಎಂದು ಕೇಳಿ, ನಂಬದವನಂತೆ ನಕ್ಕು ಹಿತ್ತಲಿಗೆ ಹೋದ.

ಹತ್ತು ಹನ್ನೆರಡು ವರ್ಷ ನಾನು ಲಕ್ಷ್ಮೇಶ್ವರದ ಕಡೆಯ ಶಾಲೆಗಳಲ್ಲಿ ಅದೇ ಪಾಠ ಹೇಳಿದೆ. ಒಳ್ಳೆಯ ಮಡಕೆ ಹಡಗಿನಲ್ಲಿ ಬಂತು; ನಮ್ಮದು ಒರಟು ಮಡಕೆ. ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಬರೆದರು. ನಾನು ಅಂಕ ಕೊಟ್ಟೆ.

ಆಮೇಲೆ ಧಾರವಾಡದಲ್ಲಿ ಶಿಕ್ಷಕರ ತರಬೇತಿಗೆ ಹೋದಾಗ ಪುರಾತತ್ವ ಬಲ್ಲ ಹಿರಿಯರೊಬ್ಬರ ಉಪನ್ಯಾಸ ಕೇಳಿದೆ. ಅವರು ಹೇಳಿದ ಪುಸ್ತಕಗಳನ್ನು ಹುಡುಕಿ ಓದಿದೆ. ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿಯ ಹತ್ತಿರದ ಅರಿಕಮೇಡನ್ನು ಅಗೆದಾಗ ಇಟಲಿಯ ಅರೆಟ್ಸೊ ಊರಿನ ಕೆಂಪು ಪಾತ್ರೆಗಳ ಚೂರು ಸಿಕ್ಕವು. ಅವುಗಳ ತಳದಲ್ಲಿ ಕುಂಬಾರರ ಹೆಸರಿನ ಮುದ್ರೆ ಇತ್ತು. ಅವು ನಿಜವಾಗಿಯೂ ಹೊರಗಿನವು. ಅವುಗಳ ಜೊತೆಗೆ ಗೀರುಂಗುರದ ತಟ್ಟೆಗಳೂ ಸಿಕ್ಕವು. 1947ರಲ್ಲಿ ಅದೇ ವೀಲರ್ ನಮ್ಮ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯನ್ನೂ ಅಗೆದ; ಅಲ್ಲಿಯೂ ಅಂಥವೇ ತಟ್ಟೆಯ ಚೂರು ಬಂದವು. ಚಂದ್ರವಳ್ಳಿಯನ್ನು ಅದಕ್ಕೂ ಮುಂಚೆ, 1929ರಲ್ಲಿ, ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಅಗೆದಿದ್ದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಆದ್ದರಿಂದ ವೀಲರ್ ಈ ತಟ್ಟೆಗಳೂ ಭೂಮಧ್ಯ ಸಮುದ್ರದ ಕಡೆಯಿಂದಲೇ ಬಂದಿರಬೇಕೆಂದು ಬಗೆದ. ಅದು ಪುಸ್ತಕಗಳಿಗೆ ಇಳಿಯಿತು, ಪುಸ್ತಕಗಳಿಂದ ನಮ್ಮ ಕಾಲೇಜಿಗೆ, ಕಾಲೇಜಿನಿಂದ ನನ್ನ ಬಾಯಿಗೆ.

1980ರ ದಶಕದಲ್ಲಿ ವಿಮಲಾ ಬೇಗ್ಲಿ ಎಂಬ ವಿದುಷಿ ಆ ಚೂರುಗಳನ್ನು ಮತ್ತೆ ಕೈಗೆತ್ತಿಕೊಂಡರು. ಗೀರು ಮೂಡಿಸುವ ರೀತಿ ಹೊರಗಿನಿಂದ ಬಂದಿರಬಹುದು, ಆದರೆ ತಟ್ಟೆ ಮಾಡಿದವರು ಭಾರತದ ಕುಂಬಾರರೇ ಎಂದು ತೋರಿಸಿದರು. ಕಾಲವೂ ವೀಲರ್ ಹೇಳಿದ್ದಕ್ಕಿಂತ ಹಿಂದಿನದು ಎಂದರು. 1997ರಲ್ಲಿ ವಿ. ಡಿ. ಗೋಗಟೆಯವರು ಕ್ಷಕಿರಣದಿಂದ ಮಣ್ಣನ್ನು ಪರೀಕ್ಷಿಸಿ, ಅದು ಬಂಗಾಲದ ಚಂದ್ರಕೇತುಗಢ, ತಾಮ್ಲುಕ್ ಸೀಮೆಯ ಮಣ್ಣು ಎಂದರು. ನಮ್ಮ ಗದಗ ಹೊಸ ಜಿಲ್ಲೆಯಾದದ್ದೂ ಅದೇ ವರ್ಷ. ಒಟ್ಟಿನಲ್ಲಿ ತಟ್ಟೆ ಹಡಗಿನಲ್ಲಿ ಬಂದಿರಬಹುದು; ಆದರೆ ಆ ಹಡಗು ನಮ್ಮದೇ ದೇಶದ ನದಿಮುಖದಿಂದ ಹೊರಟದ್ದು. ಅಪ್ಪ ಒಂದು ಚಿತ್ರ ನೋಡಿ ಹೇಳಿದ ಮಾತಿಗೆ ವಿದ್ವತ್ತು ಐವತ್ತು ವರ್ಷ ತೆಗೆದುಕೊಂಡಿತ್ತು.

ಆ ವಾರವೇ ಮುಂಡರಗಿ ಬಸ್ಸು ಹತ್ತಿದೆ. "ಅಪ್ಪಾ, ಅವತ್ತ ನೀ ಹೇಳಿದ್ದ ಖರೇ ಆತು. ಆ ತಾಟು ನಮ್ಮ ಮಂದೀದ" ಎಂದೆ. ಅಪ್ಪನಿಗೆ ಯಾವ ತಾಟು ಎಂಬುದೇ ನೆನಪಿರಲಿಲ್ಲ. ವಿವರಿಸಿ ಹೇಳಿದ ಮೇಲೆ, "ಆತ ಬಿಡವ್ವಾ, ಅದಕ್ಯಾಕ ಅಷ್ಟ ದೂರ ಬಂದಿ? ಉಂಡೀ ಇಲ್ಲೋ?" ಎಂದ. ಕಾಲೇಜಿನ ಅರ್ಜಿಯ ಮಾತನ್ನೂ ಅಂದೇ ಹೇಳಿಬಿಡಬೇಕೆಂದು ಹೋಗಿದ್ದೆ. ಅವ್ವ ಜೋಳದ ರೊಟ್ಟಿ ಬಡಿದಳು, ಉಂಡೆ, ಹೇಳದೆ ಬಂದೆ.

ಗ್ರೀಕರ ಬಟ್ಟಲಿಗೂ ನಮ್ಮ ಕನ್ನಡಕ್ಕೂ ಇನ್ನೊಂದು ನಂಟಿನ ಮಾತಿದೆ. ಅದನ್ನು ಮಕ್ಕಳು ಬಹಳ ಇಷ್ಟಪಟ್ಟು ಕೇಳುತ್ತಾರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರಿಗೆ ಸಾವಿರಾರು ಪಪೈರಸ್ ಹಾಳೆಗಳು ಸಿಕ್ಕವು. 1903ರಲ್ಲಿ ಅಚ್ಚಾದ ಅವುಗಳಲ್ಲೊಂದು ಗ್ರೀಕ್ ಪ್ರಹಸನ. ಚಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ದಂಡೆಯ ರಾಜನೊಬ್ಬನ ಕೈಗೆ ಸಿಕ್ಕಿರುತ್ತಾಳೆ. ಅವಳ ಅಣ್ಣನ ಕಡೆಯವರು ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವರು ಮತ್ತರಾದಾಗ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಹೇಳಿದರು, ಆರ್. ಶಾಮಾಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಅವರ ಓದಿನಲ್ಲಿ ಆ ಮಾತುಗಳೊಳಗೆ 'ಮಧು', 'ಪಾತ್ರ' ಎಂಬ ಶಬ್ದಗಳಿವೆ. 1926ರಲ್ಲಿ ಬಾರ್ನೆಟ್ ಇದನ್ನು ಒಪ್ಪದೆ ಬರೆದರು. ಅದು ತುಳು ಎನ್ನುವವರೂ ಇದ್ದಾರೆ. ಮೊದಲಾಗಿದ್ದರೆ ನಾನು ಹೆಮ್ಮೆಯಿಂದ 'ಅದು ಕನ್ನಡವೇ' ಎಂದು ಹೇಳಿಬಿಡುತ್ತಿದ್ದೆ. ತಟ್ಟೆಯ ಪಾಠದಿಂದ ಬುದ್ಧಿ ಕಲಿತವಳಾದ್ದರಿಂದ ಈಗ ಎರಡೂ ಕಡೆಯ ಮಾತು ಹೇಳುತ್ತೇನೆ. ಕೀಳರಿಮೆಯಿಂದ ತಪ್ಪು ಹೇಳಿದರೂ ತಪ್ಪೇ, ಅಭಿಮಾನದಿಂದ ಹೇಳಿದರೂ ತಪ್ಪೇ.

ಇನ್ನೊಂದು ಚಿತ್ರವನ್ನು ನಾನು ಹೆಣ್ಣುಮಕ್ಕಳಿಗೆ ತಪ್ಪದೆ ತೋರಿಸುತ್ತೇನೆ. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ನೀರಿನ ಕೊಡವೊಂದರ ಮೇಲೆ ಕೆಲಸದ ಮನೆಯ ದೃಶ್ಯವಿದೆ. ಮೂವರು ಗಂಡಸರು ಪಾತ್ರೆಗಳಿಗೆ ಚಿತ್ರ ಬರೆಯುತ್ತಿದ್ದಾರೆ. ಅಥೀನಾ ದೇವಿಯೂ ವಿಜಯದೇವತೆಯರೂ ಅವರಿಗೆ ಕಿರೀಟ ತೊಡಿಸುತ್ತಿದ್ದಾರೆ. ಅಂಚಿನಲ್ಲಿ ಒಬ್ಬ ಹೆಂಗಸು ಕುಂಚ ಹಿಡಿದು ದೊಡ್ಡ ಹರವಿಯೊಂದರ ಹಿಡಿಕೆಯನ್ನು ಅಲಂಕರಿಸುತ್ತಿದ್ದಾಳೆ. ಅವು ಲೋಹದ ಪಾತ್ರೆಗಳಿರಬಹುದು ಎನ್ನುವವರೂ ಉಂಟು. ಅದೇನೇ ಇರಲಿ, ಅವಳಿಗೆ ಕಿರೀಟವಿಲ್ಲ. ಅವಳು ತಲೆ ಬಗ್ಗಿಸಿಕೊಂಡು ತನ್ನ ಕೆಲಸ ಮಾಡುತ್ತಿದ್ದಾಳೆ. ಐರಾಣಿ ಗಡಿಗೆಯ ಮುಂದೆ ಅವ್ವ ಕೂಡುತ್ತಿದ್ದದ್ದೂ ಹೀಗೆಯೇ.

ಒಮ್ಮೆ ಲಕ್ಷ್ಮೇಶ್ವರದ ಕಡೆಯ ಹುಡುಗನೊಬ್ಬ ಹೊಲ ಉಳುವಾಗ ಸಿಕ್ಕಿತೆಂದು ಕಪ್ಪು ಕೆಂಪು ಮಡಕೆಯ ಚೂರುಗಳನ್ನು ಕಿಸೆಯಲ್ಲಿ ತುಂಬಿಕೊಂಡು ಬಂದ. "ಅಕ್ಕೋರ, ಇದಕ್ಕ ಎಷ್ಟು ರೊಕ್ಕಾ ಬರತೈತ್ರಿ?" ಎಂದ. ನಾನು ಅವನಿಗೆ ಯೂಫ್ರೋನಿಯಾಸ್ ಎಂಬವನು ಚಿತ್ರ ಬರೆದ ಕ್ರೇಟರಿನ ಕಥೆ ಹೇಳಿದೆ. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಅದನ್ನು ಹತ್ತು ಲಕ್ಷ ಡಾಲರಿಗೆ ಕೊಂಡಿತು. ಆಮೇಲೆ, ಅದು ಇಟಲಿಯ ಗೋರಿಯೊಂದರಿಂದ ಕಳ್ಳರು ಅಗೆದು ಮಾರಿದ್ದೆಂದು ತಿಳಿದು, 2008ರಲ್ಲಿ ಇಟಲಿಗೆ ಹಿಂತಿರುಗಿಸಬೇಕಾಯಿತು. ಪಾತ್ರೆ ಮರಳಿ ಬಂತು. ಆದರೆ ಅದು ಯಾರ ಪಕ್ಕದಲ್ಲಿತ್ತು, ಜೊತೆಗೆ ಏನೇನಿತ್ತು ಎಂಬುದು ಮರಳಿ ಬರಲಿಲ್ಲ. ಚೂರಿಗೆ ಬೆಲೆ ಇರುವುದು ಅದು ಬಿದ್ದ ಜಾಗದಲ್ಲಿ. ನಾವಿಬ್ಬರೂ ಹೋಗಿ ಚೂರುಗಳನ್ನು ಅದೇ ಬದುವಿನ ಹತ್ತಿರ ಇಟ್ಟು, ಜಾಗವನ್ನು ಗುರುತು ಮಾಡಿ, ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆದೆವು.

ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಯಿತು. ತಿಗರಿ ಹಿತ್ತಲಲ್ಲಿ ಹಾಗೆಯೇ ಬಿದ್ದಿದೆ. ತಮ್ಮ ಗದಗಿನಲ್ಲಿ ಟಂಟಂ ಓಡಿಸುತ್ತಾನೆ. ಅಪ್ಪ ಮಾಡಿದ ಒಂದು ಮಗಿ ನನ್ನ ಅಡುಗೆಮನೆಯಲ್ಲಿದೆ. ಅದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ತಳದಲ್ಲಿ ಹೆಸರಿಲ್ಲ. ಒಂದು ಕಡೆ ಹೆಬ್ಬೆರಳಿನ ಗುರುತು ಮಾತ್ರ ಇದೆ. ಅರ್ಜಿಯ ಕೆಳಗೆ ಒತ್ತಿದ್ದೂ ಅದೇ ಬೆರಳು.

ಕಳೆದ ಜೂನ್‌ನಲ್ಲಿ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಬಂದಳು. ತಂದೆಯ ಉದ್ಯೋಗ ಕೇಳಿದೆ. ಅವಳು ಅತ್ತಿತ್ತ ನೋಡಿ, "ಒಕ್ಕಲತನ ಅಂತ ಬರೀರಿ ಅಕ್ಕೋರ" ಎಂದಳು. ಹುಡುಗ ಅವ್ವನ ಮುಖ ನೋಡಿದ. ಆ ನೋಟ ನನಗೆ ಗೊತ್ತಿತ್ತು.

"ಹೊಲಾ ಎಷ್ಟೈತವ್ವಾ?" ಎಂದೆ. ಅವಳು ಸುಮ್ಮನಾದಳು. ಹುಡುಗನೇ ಹೇಳಿದ, "ನಮ್ಮಪ್ಪ ಗಡಿಗಿ ಮಾಡತಾನ್ರಿ."

ಕೋಣೆಯಲ್ಲಿ ಇನ್ನೂ ಮೂವರು ಶಿಕ್ಷಕಿಯರಿದ್ದರು. ಇಷ್ಟು ವರ್ಷ ಅವರಲ್ಲಿ ಯಾರಿಗೂ ಹೇಳದ ಮಾತನ್ನು ಅಂದು ಹೇಳಿದೆ. "ನಮ್ಮಪ್ಪನೂ ಗಡಿಗಿ ಮಾಡತಿದ್ದಪ್ಪಾ."

ಆ ತಾಯಿ ನನ್ನ ಕೈಗಳನ್ನು ಒಮ್ಮೆ ನೋಡಿದಳು. "ಹಂಗಾರ ನಿಮಗ ಹೆಂಗ ಸರಿ ಅನಸತೈತೋ ಹಂಗ ಬರೀರಿ" ಎಂದಳು. 'ಕುಂಬಾರಿಕೆ' ಎಂದು ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ಅದರ ಮುಂದೆ, ಅಂಕಣದಲ್ಲಿ ಇದ್ದಷ್ಟು ಜಾಗದಲ್ಲಿ, ಅವನ ತಂದೆಯ ಹೆಸರನ್ನು ಇನ್ನೊಮ್ಮೆ ಸ್ಪಷ್ಟವಾಗಿ ಬರೆದೆ.